ನೀರಿಳಿದ ಮೇಲೆ ಕಾಣುವ ಹೊಳೆ: ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗಾಳದ ಏಳು ದಿನ

ಶುರುವಿನಲ್ಲೇ ಹೇಳಿಬಿಡುತ್ತೇನೆ. ನದಿಗಳ ಹೆಸರು ಬರೆಯುತ್ತೇನೆ, ಅವಕ್ಕೆ ಸೇರುವ ಕವಲು ಹೊಳೆಗಳ ಹೆಸರು ಬರೆಯಲ್ಲ. ಗಾಳ ಹಾಕುವವರ ಹುಟ್ಟುಗುಣ ಇದು, ಬೈದುಕೊಳ್ಳಬೇಡಿ.

ಭಾವ ಕೇರ್ನ್ಸ್‌ನಲ್ಲಿ ನೆಲೆಸಿ ಹತ್ತಿರ ಹತ್ತು ವರ್ಷ ಆಯಿತು. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬಿಸಿ ತುದಿ. ಫೋನ್ ಮಾಡಿದಾಗಲೆಲ್ಲ "ಬಾ ಮಾರಾಯ, ಹೊಳೆ ತುಂಬ ಮೀನಿದೆ, ಹಿಡಿಯೋರಿಲ್ಲ" ಅನ್ನುತ್ತಿದ್ದರು. ಈ ಸಲ ಅಕ್ಟೋಬರ್‌ನಲ್ಲಿ ಹೋದೆ. ತಿಂಗಳು ಆರಿಸಿದ್ದು ಅವರೇ. ಅಲ್ಲಿ ಚಳಿಗಾಲ ಮುಗಿದು ಹೊಳೆ ನೀರು ಬೆಚ್ಚಗಾಗುವ ಹೊತ್ತು ಅದು, ಮೀನಿಗೆ ಹಸಿವು ಹೆಚ್ಚುತ್ತದೆ. ಇನ್ನೊಂದು ಕಾರಣವೂ ಇತ್ತು. ಪೂರ್ವ ಕರಾವಳಿಯಲ್ಲಿ ನವೆಂಬರ್ 1ರ ಮಧ್ಯಾಹ್ನದಿಂದ ಫೆಬ್ರವರಿ 1ರ ಮಧ್ಯಾಹ್ನದವರೆಗೆ ಬಾರಮುಂಡಿ ಹಿಡಿಯುವ ಹಾಗಿಲ್ಲ, ಮೊಟ್ಟೆ ಇಡುವ ಕಾಲ. ಬಾರಮುಂಡಿ ಅಂದರೆ ಬಂಗಾಳದವರು ಭೆಟ್ಕಿ ಅನ್ನುತ್ತಾರಲ್ಲ, ಅದೇ ಜಾತಿ.

ಭಾವನ ದೋಣಿ 3.7 ಮೀಟರ್ ಉದ್ದದ ಅಲ್ಯೂಮಿನಿಯಂ ಡಬ್ಬ. ಅಲ್ಲಿನವರು ಪ್ರೀತಿಯಿಂದ ಟಿನ್ನಿ ಅನ್ನುತ್ತಾರೆ. ಹಿಂದೆ 6 ಕುದುರೆಶಕ್ತಿಯ ಮೋಟರ್. ಕ್ವೀನ್ಸ್‌ಲ್ಯಾಂಡ್‌ನಲ್ಲಿ 4.5 ಕಿಲೋವ್ಯಾಟ್‌ಗಿಂತ ದೊಡ್ಡ ಮೋಟರ್ ಓಡಿಸಲು ಲೈಸೆನ್ಸ್ ಬೇಕು, ಇದು ಆ ಗೆರೆಯ ಒಳಗೇ ನಿಲ್ಲುತ್ತದೆ. ಉಪ್ಪುನೀರಿನಲ್ಲಿ ಗಾಳ ಹಾಕಲು ಅಲ್ಲಿ ಯಾವ ಪರವಾನಗಿಯೂ ಬೇಡ. ಹಾಗಾಗಿ ನನ್ನಂಥ ಹೊಸಬನೂ ಚುಕ್ಕಾಣಿ ಹಿಡಿಯಬಹುದು. ಹಿಡಿದೆ, ಅದರ ಫಲ ಐದನೇ ದಿನ ಕಂಡಿತು.

ಮೊದಲ ದಿನ, ಭಾನುವಾರ

ಊರ ಪಕ್ಕದಲ್ಲೇ ಇರುವ ಟ್ರಿನಿಟಿ ಇನ್ಲೆಟ್‌ಗೆ ಹೋದೆವು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹತ್ತಾರು ಕವಲಾಗಿ ಹರಡಿರುವ ಅಳಿವೆ ಅದು. 2015ರ ನವೆಂಬರ್‌ನಿಂದ ಅಲ್ಲಿ ವ್ಯಾಪಾರಕ್ಕೆ ಬಲೆ ಹಾಕುವುದು ನಿಂತಿದೆ, ಹಾಗಾಗಿ ಮೀನಿಗೇನೂ ಕೊರತೆ ಇಲ್ಲ ಅಂತ ಭಾವ ಹೇಳಿದರು. ಇರಬಹುದು. ಆದರೆ ದೋಣಿ ಇಳಿಸುವ ರ‍್ಯಾಂಪ್‌ನಲ್ಲಿ ಬೆಳಕು ಹರಿಯುವ ಮೊದಲೇ ಸಾಲು ನಿಂತಿತ್ತು. ಒಬ್ಬರು ಟ್ರೇಲರ್ ಹಿಂದಕ್ಕೆ ತರಲು ಒದ್ದಾಡುತ್ತಿದ್ದರು, ಹಿಂದಿನವರು ಕೈಕಟ್ಟಿ ನಿಂತು ನೋಡುತ್ತಿದ್ದರು. ನಾವು ಹೋದ ಪ್ರತಿ ಕವಲಿನ ಬಾಯಲ್ಲೂ ಒಂದು ದೋಣಿ ಲಂಗರು ಹಾಕಿ ಕೂತಿತ್ತು.

ಅದೂ ಅಷ್ಟಮಿಯ ಹೊತ್ತು, ಅರ್ಧ ಚಂದ್ರ. ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸವೇ ಕಡಿಮೆ. ನೀರು ಅಲುಗಾಡದೆ ಸುಮ್ನೆ ನಿಂತಿತ್ತು. ನೀರು ಓಡದಿದ್ದರೆ ಸಿಗಡಿ ಓಡಲ್ಲ, ಸಿಗಡಿ ಓಡದಿದ್ದರೆ ಮೀನು ಬಾಯಿ ತೆರೆಯಲ್ಲ. ಮಧ್ಯಾಹ್ನದವರೆಗೆ ಕೂತು ಅಂಗೈ ಅಗಲದ ಒಂದು ಬ್ರೀಮ್ ಮೀನು ಸಿಕ್ಕಿತು, ಬಿಟ್ಟೆವು.

"ಹಿಡಿಯೋರಿಲ್ಲ ಅಂದಿದ್ರಲ್ಲ ಭಾವ?"

"ವಾರದ ದಿನ ಹೇಳಿದ್ದು ನಾನು."

ರಾತ್ರಿ ಕೂತು ಉಪಗ್ರಹ ನಕ್ಷೆ ತೆರೆದೆವು. ನನಗೆ ಈ ಕೆಲಸ ಗಾಳ ಹಾಕುವುದಕ್ಕಿಂತ ಇಷ್ಟ ಅನ್ನಿಸಿಬಿಟ್ಟಿತು ಅಂದರೆ ನಗಬೇಡಿ. ಮೊದಲು ರ‍್ಯಾಂಪ್‌ಗಳನ್ನು ಹುಡುಕುವುದು. ಪಾರ್ಕಿಂಗ್ ದೊಡ್ಡದಿದ್ದರೆ ಜನ ಜಾಸ್ತಿ. ಆಮೇಲೆ ಅಲ್ಲಿಂದ ದೊಡ್ಡ ದೋಣಿಯವನು ಯಾವ ಕಡೆ ಹೋಗುತ್ತಾನೆ ಅಂತ ಯೋಚಿಸುವುದು. ಅವನು ಹೋಗುವುದು ಅಳಿವೆಯ ಬಾಯಿಗೆ, ಆಳ ಇರುವಲ್ಲಿಗೆ. ಹಾಗಾದರೆ ನಾವು ಹುಡುಕಬೇಕಾದದ್ದು ಅವನ ದೋಣಿ ತಿರುಗಲಾರದ ಜಾಗ: ಬಾಯಲ್ಲಿ ಮರಳು ದಿಬ್ಬ ಇರುವ ಕವಲು, ಮರ ಬಿದ್ದ ಕವಲು, ನಕ್ಷೆಯಲ್ಲಿ ಹಸಿರಿನೊಳಗೆ ಮಾಯವಾಗಿ ಅರ್ಧ ಕಿಲೋಮೀಟರ್ ಆಚೆ ಮತ್ತೆ ಕಾಣಿಸುವ ಕವಲು.

ಎರಡನೇ ದಿನ

ಸೋಮವಾರ. ದಕ್ಷಿಣಕ್ಕೆ ಹೊರಟು ಡೀರಲ್ ಎಂಬಲ್ಲಿ ಮಲ್ಗ್ರೇವ್ ನದಿಗೆ ದೋಣಿ ಇಳಿಸಿದೆವು. ಪಾರ್ಕಿಂಗ್‌ನಲ್ಲಿ ಎರಡೇ ಟ್ರೇಲರ್. ಪಶ್ಚಿಮಕ್ಕೆ ಬೆಲೆಂಡೆನ್ ಕೆರ್ ಬೆಟ್ಟಸಾಲು, ತಲೆ ಮೇಲೆ ಮೋಡ ಹೊತ್ತುಕೊಂಡೇ ಇತ್ತು. ಅದರ ತುದಿಯಲ್ಲಿ ವರ್ಷದ ಸರಾಸರಿ ಮಳೆ 8,000 ಮಿಲಿಮೀಟರ್ ದಾಟುತ್ತದೆ. ಪಕ್ಕದ ಬಾರ್ಟಲ್ ಫ್ರೀರ್ 1,622 ಮೀಟರ್, ಇಡೀ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಲ್ಲಕ್ಕಿಂತ ಎತ್ತರದ್ದು. ಈ ಮಳೆಯೇ ಇಲ್ಲಿನ ಹೊಳೆಗಳನ್ನು ಸಾಕುವುದು. ಮಲ್ಗ್ರೇವ್ ಮತ್ತು ರಸೆಲ್ ಎರಡೂ ಸಮುದ್ರ ಮುಟ್ಟುವ ಸ್ವಲ್ಪ ಮೊದಲು ಕೂಡಿಕೊಂಡು ಒಂದೇ ಬಾಯಲ್ಲಿ ಹೊರಬೀಳುತ್ತವೆ. ಎಲ್ಲರೂ ನೇರ ಆ ಬಾಯಿಗೆ ಹೋಗುತ್ತಾರೆ.

ನಾವು ದಾರಿಯಲ್ಲೇ ತಿರುಗಿದೆವು. ನಿನ್ನೆ ರಾತ್ರಿ ಗುರುತು ಹಾಕಿದ್ದ ಕವಲಿನ ಬಾಯಲ್ಲಿ ನಿಜಕ್ಕೂ ಒಂದು ಮರ ಅಡ್ಡ ಬಿದ್ದಿತ್ತು. ಮೋಟರ್ ಎತ್ತಿ, ಇಬ್ಬರೂ ದೋಣಿಯ ತಳಕ್ಕೆ ಬಗ್ಗಿ, ಕೊಂಬೆ ಹಿಡಿದು ಎಳೆದುಕೊಂಡು ಒಳಗೆ ನುಸುಳಿದೆವು. ಮೇಲೆ ಛಾವಣಿ ಹಾಗೆ ಎಲೆ. ಹೊರಗೆ ಬಿಸಿಲು ಕುದಿಯುತ್ತಿದ್ದರೆ ಒಳಗೆ ಅಡುಗೆಮನೆಯ ಮೂಲೆಯಷ್ಟು ಕತ್ತಲು.

ಮಧ್ಯಾಹ್ನ ನೀರು ಏರತೊಡಗಿದ ಮೇಲೆ ಆಟ ಶುರುವಾಯಿತು. ಮ್ಯಾಂಗ್ರೋವ್ ಜ್ಯಾಕ್ ಅಂತ ಒಂದು ಮೀನು, ತಾಮ್ರದ ಬಣ್ಣ, ನಾಯಿಹಲ್ಲು. ಹೊಳೆಯಲ್ಲಿ ಇರುವುದೆಲ್ಲ ಇನ್ನೂ ಬೆಳೆಯುವ ವಯಸ್ಸಿನವು, ದೊಡ್ಡದಾದ ಮೇಲೆ ಹೊರಗಿನ ಬಂಡೆಸಾಲಿಗೆ ಹೋಗಿಬಿಡುತ್ತವೆ. ಆದರೆ ಜಗಳಕ್ಕೆ ವಯಸ್ಸೇನು? ಮುಳುಗಿದ ಮರದ ಬುಡದಲ್ಲಿ, ಬೇರಿನ ಗೂಡಿನೊಳಗೆ ಕೂತಿರುತ್ತದೆ. ಲೂರ್, ಅಂದರೆ ಗಾಳಕ್ಕೆ ಕಟ್ಟುವ ನಕಲಿ ಆಹಾರ, ಅದರ ಮನೆಬಾಗಿಲಿಗೇ ಬೀಳಬೇಕು. ಒಂದು ಮೊಳ ಆಚೆ ಬಿದ್ದರೂ ಅದು ಹೊರಗೆ ಬರುವ ಕಷ್ಟ ತೆಗೆದುಕೊಳ್ಳಲ್ಲ.

ನನ್ನ ಮೊದಲ ಏಳೆಂಟು ಎಸೆತ ಎಲೆಗೆ, ಕೊಂಬೆಗೆ, ಒಂದು ಭಾವನ ಟೋಪಿಗೆ. ಒಂಬತ್ತನೆಯದೋ ಹತ್ತನೆಯದೋ ಬುಡದ ಪಕ್ಕ ಟಪ್ ಅಂತ ಬಿತ್ತು. ಎರಡು ಸುತ್ತು ಸುತ್ತಿದ್ದೆ ಅಷ್ಟೆ. ಯಾರೋ ನೀರೊಳಗಿಂದ ರಾಡ್‌ಗೆ ಒದ್ದ ಹಾಗಾಯಿತು. ರೀಲ್ ಕಿರ್ ಅಂತ ಎರಡು ಮಾರು ದಾರ ಬಿಟ್ಟುಕೊಟ್ಟಿತು, ಆಮೇಲೆ ದಾರ ಮರದ ಮೈಗೆ ಉಜ್ಜುವ ಸದ್ದು ಕೈಗೇ ಕೇಳಿಸಿತು, ಆಮೇಲೆ ಏನೂ ಇಲ್ಲ. ಎಳೆದುಕೊಂಡು ನೋಡಿದರೆ 40 ಪೌಂಡಿನ ಲೀಡರ್, ಅಂದರೆ ತುದಿಗೆ ಕಟ್ಟುವ ಗಟ್ಟಿ ದಾರ, ಮರಕ್ಕಂಟಿದ ಚಿಪ್ಪಿಗೆ ಸಿಕ್ಕಿ ನೂಲಿನ ಹಾಗೆ ಎದ್ದು ತುಂಡಾಗಿತ್ತು.

"ಡ್ರ್ಯಾಗ್ ಬಿಗಿ ಮಾಡು ಅಂದಿರಲಿಲ್ವಾ? ಇದಕ್ಕೆ ಒಂದಡಿ ಕೊಟ್ರೆ ಮನೆ ಸೇರಿಕೊಳ್ತದೆ."

ಮುಂದಿನದಕ್ಕೆ ಹೊಸ ಉಪಾಯ ಮಾಡಿದೆವು. ಡ್ರ್ಯಾಗ್, ಅಂದರೆ ರೀಲ್ ದಾರ ಬಿಡದಂತೆ ತಡೆಯುವ ಬ್ರೇಕು, ಪೂರ್ತಿ ಬಿಗಿದೆ. ನಾನು ಎಸೆಯುವಾಗ ಭಾವ ಮೋಟರನ್ನು ರಿವರ್ಸ್‌ನಲ್ಲಿ ಸಿದ್ಧ ಇಟ್ಟುಕೊಂಡರು. ಹೊಡೆತ ಬಿದ್ದ ಕೂಡಲೇ ನಾನು ರಾಡ್ ಹಿಡಿದು ಕೂತೆ, ಅವರು ದೋಣಿಯನ್ನೇ ಹಿಂದಕ್ಕೆ ಎಳೆದರು. ಮೀನು ಹಿಡಿಯುವುದಕ್ಕಿಂತ ಎತ್ತು ಎಳೆದ ಹಾಗಿತ್ತು, ಚಂದದ ಕ್ರಮ ಏನಲ್ಲ, ಆದರೆ ಜ್ಯಾಕ್ ಹೊರಗೆ ಬಂತು. 44 ಸೆಂಟಿಮೀಟರ್. ಇಟ್ಟುಕೊಳ್ಳಲು ಕನಿಷ್ಠ 35 ಇರಬೇಕು. ದೋಣಿಯ ತಳದಲ್ಲಿ ಮಲಗಿ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಸಂಜೆವರೆಗೆ ಇನ್ನೂ ಮೂರು ಬಂದವು, ಎರಡು ದಾರ ಕಡಿದುಕೊಂಡು ಹೋದವು. ಇಡೀ ದಿನ ಆ ಕವಲಿಗೆ ಬೇರೆ ದೋಣಿ ಬರಲಿಲ್ಲ.

ಮೂರನೇ ದಿನ

ಭಾವನಿಗೆ ಅರ್ಧ ದಿನ ಕೆಲಸ ಇತ್ತು, ಹಾಗಾಗಿ ದೋಣಿ ಬಿಟ್ಟು ಹೊರಟಿದ್ದು ತಡವಾಗಿ. ಇನಿಸ್‌ಫೇಲ್ ಪಟ್ಟಣದಲ್ಲಿ ಉತ್ತರ ಜಾನ್‌ಸ್ಟೋನ್, ದಕ್ಷಿಣ ಜಾನ್‌ಸ್ಟೋನ್ ಅಂತ ಎರಡು ನದಿ ಕೂಡುತ್ತವೆ. ಅದರಲ್ಲೊಂದಕ್ಕೆ ಬೆಟ್ಟದಿಂದ ಇಳಿದು ಬರುವ ಸಣ್ಣ ಹಳ್ಳ ನಮ್ಮ ಗುರಿ. ಯಾವುದು ಅಂತ ಕೇಳಬೇಡಿ.

ಸಿಹಿನೀರು, ಗಾಜಿನಷ್ಟು ತಿಳಿ. ಇಲ್ಲಿ ಇರುವುದು ಜಂಗಲ್ ಪರ್ಚ್. ಬಾಲದ ಎರಡು ತುದಿಗೂ ಒಂದೊಂದು ಕಪ್ಪು ಮಚ್ಚೆ, ಮೈಮೇಲೆ ಕಂದು ಚುಕ್ಕೆ. ಬೆಟ್ಟದ ಹಳ್ಳದಲ್ಲಿ ಬದುಕಿದರೂ ಮೊಟ್ಟೆ ಇಡಲು ಉಪ್ಪುನೀರಿಗೇ ಇಳಿಯಬೇಕು, ಮರಿಗಳು ಮತ್ತೆ ಹತ್ತಿ ಬರಬೇಕು. ನಡುವೆ ಎಲ್ಲೋ ಒಂದು ಸಣ್ಣ ಕಟ್ಟೆ ಕಟ್ಟಿದರೂ ಮೇಲಿನ ಹಳ್ಳದಲ್ಲಿ ಈ ಮೀನು ಇಲ್ಲವಾಗುತ್ತದೆ. ಆದ್ದರಿಂದ ನಕ್ಷೆಯಲ್ಲಿ ಹಳ್ಳ ಹುಡುಕುವಾಗ ಸಮುದ್ರದವರೆಗೆ ಅಡ್ಡ ಏನೂ ಇಲ್ಲವಾ ಅಂತ ಕೆಳಗಿನಿಂದ ಮೇಲಕ್ಕೆ ನೋಡುತ್ತ ಬರಬೇಕು.

ಇಲ್ಲಿ ಜನ ಯಾಕೆ ಬರಲ್ಲ ಅನ್ನುವುದು ಕಾಲು ಗಂಟೆಯಲ್ಲಿ ಗೊತ್ತಾಯಿತು. ದಾರಿ ಇಲ್ಲ. ಅಲ್ಲಿನವರು 'ವೇಟ್ ಎ ವೈಲ್' ಅನ್ನುವ ಬಳ್ಳಿ ಇದೆ, 'ತಡಿ ಸ್ವಲ್ಪ' ಅಂತ ಅರ್ಥ. ನೋಡಿದರೆ ನಮ್ಮ ಬೆತ್ತದ ಜಾತಿಯೇ. ಮುಳ್ಳಿನ ಎಳೆ ಅಂಗಿಗೆ ಸಿಕ್ಕಿದರೆ ಹಿಂದಕ್ಕೆ ಹೋಗಿ ಬಿಡಿಸಿಕೊಂಡೇ ಮುಂದೆ ಹೋಗಬೇಕು. ಅದಕ್ಕಿಂತ ಕೆಟ್ಟದ್ದು ಗಿಂಪಿ ಗಿಂಪಿ ಅನ್ನುವ ತುರಿಕೆ ಗಿಡ, ಹೃದಯದ ಆಕಾರದ ದೊಡ್ಡ ಎಲೆ, ಮೈತುಂಬ ಗಾಜಿನ ಪುಡಿಯಂಥ ಸಣ್ಣ ರೋಮ. ಮುಟ್ಟಿದರೆ ನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದಂತೆ. ಭಾವ ಅಂಥ ಎಲೆ ಕಂಡಾಗಲೆಲ್ಲ ನಿಂತು ನನ್ನ ತೋಳು ಹಿಡಿದು ದಾಟಿಸಿದರು, ಮಗು ದಾಟಿಸಿದ ಹಾಗೆ.

ಬೆರಳುದ್ದದ ತೇಲುವ ಲೂರ್, ಮುಳ್ಳು ಮುರಿದ ಗಾಳ. ಬಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ನೆರಳಿಗೆ ಎಸೆಯಬೇಕು. ಲೂರ್ ಬಿದ್ದ ಉಂಗುರ ಆರುವವರೆಗೆ ಎಳೆಯಬಾರದು. ಮೀನು ತಳದಿಂದ ಎದ್ದು ಬಂದು, ಲೂರಿನ ಹಿಂದೆ ನಿಂತು, ಯೋಚಿಸುವುದು ಕಾಣುತ್ತದೆ. ನಿಜವಾಗಿ ಯೋಚಿಸುತ್ತದೆ. ನೀವು ಉಸಿರು ಬಿಟ್ಟರೂ ತಿರುಗಿ ಹೋಗುತ್ತದೆ. ಒಂದು ಗುಂಡಿಯಲ್ಲಿ ಒಂದು ಮೀನು ಸಿಕ್ಕರೆ ಆ ಗುಂಡಿಯ ಕತೆ ಮುಗಿಯಿತು, ಉಳಿದವು ನೋಡಿ ಕಲಿತುಬಿಡುತ್ತವೆ. ಐದು ಗುಂಡಿ, ನಾಲ್ಕು ಮೀನು, ಎಲ್ಲವನ್ನೂ ನೀರಲ್ಲೇ ಬಿಡಿಸಿ ಕಳಿಸಿದೆವು. ಏಳು ದಿನದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಮೂರು ಗಂಟೆ. ಭಾವ ಒಪ್ಪಲ್ಲ. ಅವರಿಗೆ ಕೈ ನೋಯದ ಮೀನು ಮೀನೇ ಅಲ್ಲ.

ನಾಲ್ಕನೇ ದಿನ

ಹೇಳಲು ಏನಿಲ್ಲ. ಟಲ್ಲಿ ಊರಿನ ನಡುವೆ 7.9 ಮೀಟರ್ ಎತ್ತರದ ಚಿನ್ನದ ಬಣ್ಣದ ಗಂಬೂಟ್ ಇದೆ, 1950ರಲ್ಲಿ ಆ ಊರಲ್ಲಿ ಒಂದೇ ವರ್ಷ ಅಷ್ಟು ಎತ್ತರ ಮಳೆ ಬಿದ್ದ ನೆನಪಿಗೆ. ಅದರೊಳಗಿನ ಮೆಟ್ಟಿಲು ಹತ್ತಿ ಫೋಟೋ ತೆಗೆದೆವು. ಹಲ್ ಹೆಡ್ಸ್‌ನಲ್ಲಿ ದೋಣಿ ಇಳಿಸಿದೆವು, ಆಗ್ನೇಯದ ಗಾಳಿ ನೀರನ್ನು ಚಹಾದ ಬಣ್ಣಕ್ಕೆ ಕಲಕಿಬಿಟ್ಟಿತ್ತು, ಎರಡು ಗಂಟೆ ಒದ್ದೆಯಾಗಿ ವಾಪಸ್ ಬಂದೆವು. ಆ ಕರಾವಳಿಯಲ್ಲಿ ಈ ಗಾಳಿ ವರ್ಷದ ಬಹುಪಾಲು ಇರುತ್ತದೆ. ತೆರೆದ ಅಳಿವೆಯನ್ನು ನಂಬಿ ಹೋದರೆ ಅರ್ಧ ದಿನ ಹೀಗೇ. ಹಾಗಾಗಿ ಗಾಳಿಗೆ ಅಡ್ಡ ಬೆಟ್ಟ ಇರುವ ಜಾಗ ಬೇಕು ಅಂತ ಕಾರ್ಡ್‌ವೆಲ್‌ಗೆ ಹೊರಟೆವು.

ಐದನೇ ದಿನ

ಕಾರ್ಡ್‌ವೆಲ್ ಸಣ್ಣ ಊರು. ಹೆದ್ದಾರಿ ಸಮುದ್ರದ ಪಕ್ಕದಲ್ಲೇ ಹಾದು ಹೋಗುತ್ತದೆ. 2011ರ ಫೆಬ್ರವರಿ 3ರ ನಸುಕಿನಲ್ಲಿ ಯಾಸಿ ಚಂಡಮಾರುತ ಇದರ ಉತ್ತರಕ್ಕೆ ಮಿಷನ್ ಬೀಚ್ ಹತ್ತಿರ ದಡ ಹತ್ತಿತ್ತು. ಇಲ್ಲಿನ ದೋಣಿಗಳೆಲ್ಲ ಒಂದರ ಮೇಲೊಂದು ರಾಶಿ ಬಿದ್ದ ಫೋಟೋ ನೀವೂ ನೋಡಿರಬಹುದು.

ಎದುರಿಗೆ ಹಿಂಚಿನ್‌ಬ್ರೂಕ್ ದ್ವೀಪ. ಸುಮಾರು 400 ಚದರ ಕಿಲೋಮೀಟರ್, ಪೂರ್ತಿ ರಾಷ್ಟ್ರೀಯ ಉದ್ಯಾನ, ನಡುವೆ 1,121 ಮೀಟರಿನ ಬೋವೆನ್ ಶಿಖರ. ಬಂದ ಗಾಳಿಯನ್ನೆಲ್ಲ ಈ ಬೆಟ್ಟ ಎದೆಯೊಡ್ಡಿ ತಡೆಯುತ್ತದೆ. ದ್ವೀಪಕ್ಕೂ ನೆಲಕ್ಕೂ ನಡುವಿನ ಕಾಲುವೆ ದಕ್ಷಿಣದಲ್ಲಿ ಲುಸಿಂಡಾದವರೆಗೆ ಹೋಗುತ್ತದೆ, ಸಕ್ಕರೆ ತುಂಬುವ 5.76 ಕಿಲೋಮೀಟರ್ ಉದ್ದದ ಜೆಟ್ಟಿ ಇರುವುದು ಅಲ್ಲಿ. ಕಾಲುವೆಯ ಎರಡೂ ದಡದಲ್ಲಿ ಕಾಂಡ್ಲಾ, ಅದರೊಳಗೆ ಎಣಿಸಲಾಗದಷ್ಟು ಕವಲು. ಸಮುದ್ರಹುಲ್ಲು ಮೇಯುವ ಡ್ಯೂಗಾಂಗ್‌ಗಳೂ (ಕಡಲಹಸು) ಇರುತ್ತವೆ, ಹುಲ್ಲಿನ ಮೇಲೆ ದೋಣಿ ನಿಧಾನ ಓಡಿಸಬೇಕು. ಎಲ್ಲಿ ಗಾಳ ಹಾಕಬಹುದು ಅನ್ನುವುದು ಬಣ್ಣದ ಲೆಕ್ಕ: ಸಾಗರ ಉದ್ಯಾನದ ನಕ್ಷೆಯಲ್ಲಿ ಹಸಿರು ವಲಯ ಇದ್ದರೆ ಗಾಳ ಒದ್ದೆ ಮಾಡುವ ಹಾಗೇ ಇಲ್ಲ, ಹಳದಿಯಲ್ಲಿ ಒಬ್ಬರಿಗೆ ಒಂದೇ ರಾಡ್, ಒಂದೇ ಕೊಕ್ಕೆ. ಹೋಗುವ ಮೊದಲು ನೋಡಿಕೊಂಡು ಹೋಗಿ, ದಂಡ ಹಗುರ ಇಲ್ಲ.

ಅಷ್ಟಮಿ ದಾಟಿ ಹುಣ್ಣಿಮೆ ಹತ್ತಿರ ಬರುತ್ತಿತ್ತು. ನೀರು ಈಗ ಜೋರಾಗಿ ಓಡುತ್ತಿತ್ತು. ಬೆಳಗಿನ ಉಬ್ಬರದಲ್ಲಿ ಒಂದು ಕವಲಿನೊಳಗೆ ನುಗ್ಗಿದೆವು, ಒಳಗೆ ಇನ್ನೂ ಎರಡು ದೋಣಿ ಇದ್ದವು. ಬೀಸುಬಲೆ ಹಾಕಿ ಸಿಗಡಿ ಹಿಡಿದುಕೊಂಡೆವು. ಹತ್ತು ಗಂಟೆ ಹೊತ್ತಿಗೆ ಆ ಎರಡೂ ದೋಣಿ ಗಂಟುಮೂಟೆ ಕಟ್ಟಿ ಹೊರಟವು. ಕವಲಿನ ಬಾಯಲ್ಲಿ ಮರಳು ದಿಬ್ಬ ಇದೆ, ಇಳಿತ ಬಂದರೆ ದಾಟಲಾಗಲ್ಲ, ಅದು ಅವರಿಗೆ ಗೊತ್ತು. ಭಾವನಿಗೂ ಗೊತ್ತು. ಚುಕ್ಕಾಣಿ ಹಿಡಿದವನಿಗೆ ಗೊತ್ತಿರಲಿಲ್ಲ. "ಇನ್ನೊಂದು ತಿರುವು ನೋಡೋಣ ಭಾವ" ಅಂತ ಮೂರು ಸಲ ಅಂದೆ. ಭಾವ ಆಗ ಒಂದು ಗ್ರಂಟರ್ ಮೀನಿನ ಜತೆ ಗುದ್ದಾಡುತ್ತಿದ್ದರು, ಹೂಂ ಹೂಂ ಅಂದರು.

ನಾಲ್ಕನೇ ತಿರುವಿನಲ್ಲಿ ಮೋಟರ್ ಸದ್ದು ಬದಲಾಯಿತು. ಮೋಟರನ್ನು ತಂಪಾಗಿಟ್ಟು ಹಿಂದೆ ಪಿಚಕಾರಿ ಹಾಗೆ ಹಾರುತ್ತಿರಬೇಕಾದ ನೀರು ತೊಟ್ಟಿಕ್ಕತೊಡಗಿತು. ಭಾವ ಓಡಿ ಬಂದು ಆಫ್ ಮಾಡಿದರು. ತಳದ ಕೆಸರು ಎಳೆದುಕೊಂಡಿತ್ತು. ನಾವಿಬ್ಬರೂ ಅದನ್ನು ನೋಡುತ್ತಿರುವಾಗಲೇ ದೋಣಿ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ ಕೂತಿತು. ಎಮ್ಮೆ ಕೆಸರಲ್ಲಿ ಕೂರುತ್ತದಲ್ಲ, ಹಾಗೆ.

ಇಳಿದು ನೂಕೋಣ ಅಂದೆ. ಭಾವ ಮಾತಾಡದೆ ಹುಟ್ಟನ್ನು ಕೆಸರಿಗೆ ಚುಚ್ಚಿ ತೋರಿಸಿದರು. ತೊಡೆಯವರೆಗೆ ಹೋಗುತ್ತದೆ. ಆಮೇಲೆ ಎದುರು ದಡಕ್ಕೆ ಕೈ ತೋರಿಸಿದರು. ಕೆಸರಿನ ಇಳಿಜಾರಿನಲ್ಲಿ ಒಂದು ನುಣುಪಾದ ಗೆರೆ, ಅರ್ಧ ಮೀಟರ್ ಅಗಲ, ಎರಡೂ ಪಕ್ಕ ಉಗುರಿನ ಗುರುತು. ಮೊಸಳೆ ಹೊಟ್ಟೆ ಎಳೆದುಕೊಂಡು ನೀರಿಗೆ ಜಾರಿದ ದಾರಿ. ಇನ್ನೂ ಹಸಿ ಇತ್ತು.

ಉಪ್ಪುನೀರಿನ ಮೊಸಳೆಗೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1974ರಿಂದ ರಕ್ಷಣೆ ಇದೆ. ಗಂಡು 5 ಮೀಟರ್ ದಾಟಬಲ್ಲದು. ದಡದಿಂದ ಗಾಳ ಹಾಕುವಾಗ ನೀರಿನಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಿ, ಡೇರೆ ಹಾಕುವುದಾದರೆ 50 ಮೀಟರ್ ದೂರ ಹಾಕಿ, ಮೀನು ಹಸನು ಮಾಡಿದ ಕಸ ದಡದಲ್ಲಿ ಬಿಸಾಡಬೇಡಿ ಅಂತ ಬೋರ್ಡ್ ಹಾಕಿರುತ್ತಾರೆ. ನೀರಿನ ನಡುವೆ ಡಬ್ಬದಲ್ಲಿ ಕೂತವರಿಗೆ ಏನು ಮಾಡಬೇಕು ಅಂತ ಬೋರ್ಡಿನಲ್ಲಿ ಓದಿದ ನೆನಪಿಲ್ಲ. ಕೂತೆವು. ಫೋನಿಗೆ ಸಿಗ್ನಲ್ ಇಲ್ಲ. ನೀರಿನ ಬಾಟಲಿ ಒಂದೂವರೆ.

ಮೊದಲ ಒಂದು ಗಂಟೆ ಮಾತಿಲ್ಲ. ನುಸಿ ಮಾತ್ರ. ಕಿವಿಯ ಹಿಂದೆ, ಕಾಲುಚೀಲದ ಅಂಚಿನಲ್ಲಿ, ವಾಚಿನ ಪಟ್ಟಿಯ ಕೆಳಗೆ. ನೀರು ಇಳಿಯುತ್ತ ಇಳಿಯುತ್ತ ಹೊಳೆ ಕೊನೆಗೆ ಒಂದು ಗಟಾರದಷ್ಟಾಯಿತು. ಸುತ್ತಲ ಕೆಸರಿಗೆ ಜೀವ ಬಂತು. ಒಂದೇ ಕೊಂಬು ದೊಡ್ಡದಿರುವ ಸಣ್ಣ ಏಡಿಗಳು ಸಾವಿರಾರು ಹೊರಬಂದು, ಕೊಂಬು ಎತ್ತಿ ಇಳಿಸಿ ಯಾರನ್ನೋ ಕರೆದವು. ಕಣ್ಣು ನೆತ್ತಿ ಮೇಲಿರುವ ಕೆಸರುಮೀನುಗಳು ಕುಪ್ಪಳಿಸಿದವು. ಎಲ್ಲಿಂದಲೋ ಚಟ್ ಚಟ್ ಅಂತ ಸದ್ದು, ಸಿಗಡಿಯದ್ದು ಅಂದರು ಭಾವ. ಅದು ಅವರಾಡಿದ ಮೊದಲ ಮಾತು, ಕೋಪ ಇಳಿಯಿತು ಅಂದುಕೊಂಡೆ.

ಆಗಲೇ ನಾನು ಹೊಳೆ ಕಡೆ ಸರಿಯಾಗಿ ನೋಡಿದ್ದು. ಬೆಳಗ್ಗೆ ಇಡೀ ನಾವು ಕಂದು ನೀರಿನ ಮೇಲೆ ಕುರುಡಾಗಿ ಎಸೆದಿದ್ದೆವು. ಈಗ ಅದರ ಬಟ್ಟೆ ಬಿಚ್ಚಿದ ಹಾಗೆ ಎಲ್ಲ ಕಾಣುತ್ತಿತ್ತು. ತಿರುವಿನ ಹೊರಬದಿಯಲ್ಲಿ ಮೂರು ದಪ್ಪ ದಿಮ್ಮಿ ಒಂದರ ಮೇಲೊಂದು. ಅದರಾಚೆ ಒಂದು ಕಲ್ಲಿನ ಅಡ್ಡಗೆರೆ, ಅದರ ಹಿಂದೆ ಮಾತ್ರ ಆಳದ ಗುಂಡಿ, ಅಲ್ಲಿ ನೀರು ಉಳಿದಿತ್ತು. ಬಲಗಡೆ ಕಾಂಡ್ಲಾ ಬೇರಿನಿಂದ ಒಂದು ಸಣ್ಣ ಕೊರಕಲು, ಒಳಗಿನ ಕೊನೆಯ ನೀರು ಅದರಲ್ಲಿ ಬಸಿದು ಬರುತ್ತಿತ್ತು, ನೀರಿನ ಜತೆ ಮರಿಸಿಗಡಿಗಳು ಉರುಳಿ ಬರುತ್ತಿದ್ದವು. ಕೊರಕಲಿನ ಬಾಯಲ್ಲಿ ಕೆಸರು ನೀರೂ ತಿಳಿ ನೀರೂ ಕೂಡುವ ಗೆರೆ. ಆ ಗೆರೆಯಲ್ಲಿ ಏನೋ ಒಂದು ಬೆಳ್ಳಿ ಹೊಳೆದು, ಢಬ್ ಅಂತ ಸದ್ದಾಯಿತು. ಖಾಲಿ ಡ್ರಮ್ಮಿಗೆ ಅಂಗೈಯಲ್ಲಿ ಹೊಡೆದ ಹಾಗೆ.

"ಬಾರಾ" ಅಂದರು ಭಾವ, ಪಿಸುಮಾತಿನಲ್ಲಿ. ಬಾರಮುಂಡಿಯ ಗಿಡ್ಡ ಹೆಸರು.

ನಾವು ಕೂತಲ್ಲಿಂದ ಲೂರ್ ಅಲ್ಲಿಗೆ ಮುಟ್ಟಲಿಲ್ಲ. ಆರು ಸಲ ನೋಡಿದೆವು. ಮತ್ತೆ ಎರಡು ಸಲ ಢಬ್ ಅಂತು. ಕೊನೆಗೆ ಭಾವ ರಾಡ್ ಕೆಳಗಿಟ್ಟು ಫೋನ್ ತೆಗೆದು ಫೋಟೋ ತೆಗೆಯತೊಡಗಿದರು. ನಾನು ನಕ್ಷೆಯಲ್ಲಿ ಗುರುತು ಹಾಕಿದೆ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದಲ್ವಾ. ದಿಮ್ಮಿ, ಕೊರಕಲು, ಕಲ್ಲುಗೆರೆ, ಕಾಣುವಷ್ಟು ದೂರದ್ದೆಲ್ಲ. ಒಟ್ಟು 11 ಗುರುತು. ಈ ಕವಲಿಗೆ ವರ್ಷಗಟ್ಟಲೆ ಬರುವವರು ಇದನ್ನು ನೋಡಿರಲಿಕ್ಕಿಲ್ಲ, ಯಾಕೆಂದರೆ ಬುದ್ಧಿ ಇರುವವರೆಲ್ಲ ಹತ್ತು ಗಂಟೆಗೇ ಹೊರಟುಬಿಡುತ್ತಾರೆ.

ಎರಡೂವರೆ ಹೊತ್ತಿಗೆ ಕೆಳಗಿನಿಂದ ಒಂದು ನೊರೆಯ ಗೆರೆ ತೆವಳುತ್ತ ಬಂತು. ಏಡಿಗಳು ಬಿಲಕ್ಕೆ ಹೋಗಿ ಮುಚ್ಚಳ ಹಾಕಿಕೊಂಡವು. ದೋಣಿ ಸ್ವಲ್ಪ ಸ್ವಲ್ಪವೇ ನೆಟ್ಟಗಾಯಿತು. ಮೂರೂವರೆಗೆ ತೇಲಿದೆವು. ಮೋಟರಿನ ಕೆಸರು ತೊಳೆದು, ಪಿಚಕಾರಿ ನೀರು ಸರಿಯಾಗಿ ಬರುವವರೆಗೆ ಕಾದು ಹೊರಟೆವು. ಹಸಿ ಗೆರೆಯ ಒಡೆಯ ಮೊದಲ ತಿರುವಿನಲ್ಲಿ ಕಂಡ, ಮೂಗು ಮತ್ತು ಕಣ್ಣು ಮಾತ್ರ ಹೊರಗೆ. ನಮ್ಮನ್ನು ನೋಡಿ ಸದ್ದಿಲ್ಲದೆ ಮುಳುಗಿದ. ಆಮೇಲೆ ಯಾರೂ ನೀರಿಗೆ ಕೈ ಅದ್ದಲಿಲ್ಲ.

ಆರನೇ ದಿನ

ಬೆಳಗ್ಗೆ ಎಂಟರವರೆಗೆ ನಿದ್ದೆ. ಜನ ಎಲ್ಲ ಹೋಗುವ ಹೊತ್ತಿಗೆ ನಾವು ಹಾಸಿಗೆಯಲ್ಲಿ, ಅವರು ವಾಪಸ್ ಬರುವ ಹೊತ್ತಿಗೆ ನಾವು ರ‍್ಯಾಂಪ್‌ನಲ್ಲಿ. ಒಬ್ಬರು "ಇಳಿತ ಶುರುವಾಗಿದೆ, ಗೊತ್ತಾ?" ಅಂತ ಪಾಪ ಎಚ್ಚರಿಸಿದರು.

ದಿಬ್ಬ ಮೇಲೆದ್ದು ದಾರಿ ಮುಚ್ಚುವ ಮೊದಲೇ ಒಳಗೆ ಹೋಗಿ, ಈ ಸಲ ಕಲ್ಲುಗೆರೆಯ ಹಿಂದಿನ ಆಳದ ಗುಂಡಿಯಲ್ಲಿ ಲಂಗರು ಹಾಕಿದೆವು. ನೀರು ಪೂರ್ತಿ ಇಳಿದರೂ ಅಲ್ಲಿ ಮೋಟರ್ ತಳಕ್ಕೆ ಮುಟ್ಟಲ್ಲ, ನಿನ್ನೆ ಕಣ್ಣಾರೆ ನೋಡಿದ್ದೆವಲ್ಲ. ನೀರಿನ ಡಬ್ಬ ಹತ್ತು ಲೀಟರಿನದು, ನುಸಿಗೆ ಉದ್ದ ತೋಳಿನ ಅಂಗಿ. ಕೊರಕಲಿನ ಬಾಯಿ ಈಗ ಒಂದೇ ಎಸೆತದ ದೂರ.

ಇಳಿತದ ಕೊನೆಯ ಒಂದು ಗಂಟೆ. ನಾನು ಬಿಳಿ ರಬ್ಬರಿನ ಸಿಗಡಿ ಲೂರ್ ಹಾಕಿದ್ದೆ. ಕೆಸರು ಗೆರೆಯ ಆಚೆ ಎಸೆದು, ನೀರೇ ಅದನ್ನು ಉರುಳಿಸಿಕೊಂಡು ಬರಲಿ ಅಂತ ಬಿಟ್ಟೆ. ಎಳೆಯದೆ ಸುಮ್ಮನಿರುವುದು ಎಷ್ಟು ಕಷ್ಟ ಗೊತ್ತಾ! ಮೂರನೇ ಸಲಕ್ಕೆ ದಾರದಲ್ಲಿ ಟಿಕ್ ಅಂತ ಒಂದು ಸಣ್ಣ ತಟ್ಟು. ಜ್ಯಾಕ್ ಹಾಗೆ ಒದೆತ ಅಲ್ಲ. ರಾಡ್ ಎತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನೀರು ಒಡೆದು ಇಡೀ ಮೀನು ಗಾಳಿಯಲ್ಲಿತ್ತು, ಬಾಯಿ ಬಕೆಟ್ಟಿನಷ್ಟು ತೆರೆದು, ತಲೆ ಅತ್ತಿತ್ತ ಒದರುತ್ತ. ಕಿವಿರಿನ ಮುಚ್ಚಳ ಒಂದಕ್ಕೊಂದು ಹೊಡೆಯುವ ಸದ್ದು ಕೇಳುತ್ತದೆ. ಭಾವ ಏನೇನೋ ಕೂಗುತ್ತಿದ್ದರು, ರಾಡ್ ಕೆಳಗೆ ಮಾಡು, ಕೆಳಗೆ ಮಾಡು ಅಂತ. ಮಾಡಿದೆ. ಮತ್ತೆ ಎರಡು ಸಲ ಹಾರಿತು. ದಿಮ್ಮಿ ಕಡೆ ಓಡಿತು, ದಿಮ್ಮಿ ಎಲ್ಲಿದೆ ಅಂತ ನಮಗೆ ಗೊತ್ತಿತ್ತು, ಆ ಕಡೆ ಬಿಡಲಿಲ್ಲ.

71 ಸೆಂಟಿಮೀಟರ್. ಇಟ್ಟುಕೊಳ್ಳಬಹುದಾದ ಅಳತೆ 58ರಿಂದ 120. ಮೇಲಿನ ಮಿತಿ ಯಾಕೆ ಅಂದರೆ ಬಾರಮುಂಡಿ ಬಹುಪಾಲು ಗಂಡಾಗಿ ಶುರುವಾಗಿ, ಕೆಲವು ವರ್ಷ ಬೆಳೆದು, ಆಮೇಲೆ ಹೆಣ್ಣಾಗುತ್ತದೆ. ದೊಡ್ಡದೆಲ್ಲ ತಾಯಂದಿರು. ನನ್ನದು ಹೆಚ್ಚುಕಮ್ಮಿ ಗಂಡೇ ಇರಬೇಕು. ಕಿವಿರಿನ ಅಂಚು ಬ್ಲೇಡಿನಷ್ಟು ಚೂಪು, ಭಾವ ಕೆಳದವಡೆ ಹಿಡಿದು, ಹೊಟ್ಟೆಗೆ ಇನ್ನೊಂದು ಕೈ ಕೊಟ್ಟು ಎತ್ತಿದರು. ಮಧ್ಯಾಹ್ನದ ಬಿಸಿಲಿನಲ್ಲೂ ಅದರ ಕಣ್ಣು ಕೆಂಡದ ಹಾಗೆ ಹೊಳೆಯಿತು. ಫೋಟೋ ಮಂಜಾಗಿ ಬಂದಿದೆ, ಕೈ ನಡುಗುತ್ತಿತ್ತು.

ಬಿಟ್ಟೆವು. ಆಮೇಲೆ ಉಬ್ಬರ ಏರುವ ಜತೆಗೆ ಗುರುತುಗಳ ಪಟ್ಟಿ ಹಿಡಿದು ಒಂದೊಂದಾಗಿ ಮೇಲಕ್ಕೆ ಹೋದೆವು. 11ರಲ್ಲಿ 5 ಜಾಗ ಮೀನು ಕೊಟ್ಟವು. ಇನ್ನೆರಡು ಬಾರಾ, ಒಂದು 60, ಅದನ್ನು ಇಟ್ಟುಕೊಂಡೆವು, ಇನ್ನೊಂದು 52, ಅಳತೆಗೆ ಬರಲಿಲ್ಲ. ದಿಮ್ಮಿ ರಾಶಿಯಲ್ಲಿ ಎರಡು ಜ್ಯಾಕ್. ಕತ್ತಲಾಗುವ ಮೊದಲು ದಿಬ್ಬ ದಾಟಿ ಹೊರಗೆ ಬಂದೆವು. ಇಡೀ ಮಧ್ಯಾಹ್ನ ಆ ಹೊಳೆಯಲ್ಲಿ ಇದ್ದವರು ನಾವಿಬ್ಬರು, ಆ ಮೊಸಳೆ.

ಏಳನೇ ದಿನ

ಶನಿವಾರ. ರ‍್ಯಾಂಪ್‌ನಲ್ಲಿ ಮತ್ತೆ ಜಾತ್ರೆ. ನಮಗೆ ಕೇರ್ನ್ಸ್‌ಗೆ ವಾಪಸ್ ಹೋಗುವುದಿತ್ತು, ಸುಮ್ನೆ ದೋಣಿಯ ಕೆಸರು ತೊಳೆಯುತ್ತ ನಿಂತಿದ್ದೆವು. ಪಕ್ಕದಲ್ಲಿ ಹೊಸ ದೊಡ್ಡ ದೋಣಿ, ನೀರಡಿಯ ಮೀನು ತೋರಿಸುವ ಎರಡು ಸ್ಕ್ರೀನಿನ ಸೋನಾರ್, ಹಿಂದೆ ಹಾಲಿನಷ್ಟು ಬಿಳಿ ಮೋಟರ್. ಅದರ ಯಜಮಾನರು ನಮ್ಮ ಡಬ್ಬವನ್ನೂ ಒಣಗಿದ ಕೆಸರನ್ನೂ ನೋಡಿ ನಕ್ಕು, ಎಲ್ಲಿ ಹೋಗಿದ್ರಿ, ಏನಾದರೂ ಸಿಕ್ಕಿತಾ ಅಂತ ಕೇಳಿದರು.

ಭಾವ ಬ್ರಶ್ ನಿಲ್ಲಿಸಿ, ಬಹಳ ಬೇಜಾರಿನ ಮುಖ ಮಾಡಿದರು. ಆ ಕಡೆ ಕವಲಿಗೆ ಹೋಗಿದ್ವಿ, ಮೂರು ಗಂಟೆ ಕೆಸರಲ್ಲಿ ಸಿಕ್ಕಿಬಿದ್ವಿ, ಬರೀ ಕ್ಯಾಟ್‌ಫಿಶ್ ಅಂದರು.

ಅವರು ಹೋದ ಮೇಲೆ ನಾನು ಭಾವನ ಮುಖ ನೋಡಿದೆ.

"ಕೆಸರಲ್ಲಿ ಸಿಕ್ಕಿದ್ದು ನಿಜ ತಾನೆ?" ಅಂದರು.